ಹನ್ನೆರಡು ಸೆಕೆಂಡಿನ ಸೋಮಾರಿ

ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೇ ಮಾವ ಅಂಗಡಿ ಮುಚ್ಚಿ ಮನೆಗೆ ಬಂದರು. ನನ್ನ ಪಾಳಿ ಎರಡು ಗಂಟೆಗಿತ್ತು. ಅಡುಗೆಮನೆಯ ಮೇಜಿನ ಹತ್ತಿರ ಕೂತು ಬಟಾಣಿ ಬಿಡಿಸುತ್ತಿದ್ದೆ. ಅತ್ತೆ ಎದುರಿಗೆ ಒಗೆದ ಬಟ್ಟೆ ಮಡಚುತ್ತಿದ್ದರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ, ಊಟಕ್ಕೆ ಒಂದೂವರೆಗೆ ಒಂದು ನಿಮಿಷ ಮೊದಲು ಬಂದದ್ದನ್ನೂ ನಾನು ನೋಡಿರಲಿಲ್ಲ.

"ಏನ್ರೀ, ಗಡಿಯಾರಗಳೆಲ್ಲ ಒಟ್ಟಿಗೆ ಮುಷ್ಕರ ಹೂಡಿದ್ವಾ?" ಎಂದರು ಅತ್ತೆ.

"ಗಡಿಯಾರ ಸರಿಯಾಗಿವೆ ಕಣೇ. ನಾನೇ ಸರಿ ಇಲ್ಲ." ಮಾವ ಕುರ್ಚಿ ಎಳೆದುಕೊಂಡು ಕೂತರು. "ಆ ಶಾಲೆ ಟೀಚರ್ ವಾಚು ಇತ್ತಲ್ಲ, ಬಿಚ್ಚದೇನೇ ವಾಪಸು ಕೊಟ್ಟುಬಿಟ್ಟೆ. ಇನ್ಮೇಲೆ ಅಂಗಡಿ ತೆಗೆಯೋದಿಲ್ಲ."

ಅತ್ತೆಯ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧ ಮಡಿಕೆಯಲ್ಲೇ ನಿಂತಿತು.

"ಏನಾಯ್ತು ಮಾವ?" ಎಂದೆ.

"ಮೂರು ಸಂಜೆ ಸೋಮಾರಿಯನ್ನ ಎಣಿಸಿದೆನಮ್ಮ. ಮೂರು ಸಲಾನೂ ತಪ್ಪು."

ಸೋಮಾರಿ ಎಂದರೆ ನಮ್ಮ ಮನೆಯಲ್ಲಿ ಒಂದು ರಾಕೆಟ್ಟಿನ ತುಂಡು. ನಲವತ್ತಮೂರು ವರ್ಷಗಳ ಹಿಂದೆ ಒಂದು ಉಪಗ್ರಹವನ್ನು ಮೇಲಕ್ಕೆ ಒಯ್ದು ಬಿಟ್ಟು, ಕೆಲಸ ಮುಗಿದ ಮೇಲೆ ಅಲ್ಲೇ ಉಳಿದುಹೋದ ಖಾಲಿ ಡಬ್ಬಿ ಅದು. ಹೆಚ್ಚು ಕಡಿಮೆ ಬಸ್ಸಿನಷ್ಟು ಉದ್ದ. ಏಳುನೂರೈವತ್ತು ಕಿಲೋಮೀಟರ್ ಎತ್ತರದಲ್ಲಿ ನೂರು ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ, ಸುತ್ತುತ್ತಲೇ ಪಲ್ಟಿ ಹೊಡೆಯುತ್ತದೆ. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೂ ಅಷ್ಟು ಎತ್ತರದಲ್ಲಿ ಬಿಸಿಲಿರುತ್ತದಲ್ಲ, ಹಾಗಾಗಿ ಅದರ ಮಗ್ಗುಲು ಬಿಸಿಲಿಗೆ ತಿರುಗಿದಾಗಲೆಲ್ಲ ಒಂದು ಮಿಂಚು ಕಾಣುತ್ತದೆ. ಮುಂದಿನ ಮಿಂಚಿಗೆ ಬಹಳ ಹೊತ್ತು ಕಾಯಿಸುತ್ತದೆಂದು ಮಾವ ಅದಕ್ಕೆ ಸೋಮಾರಿ ಎಂದು ಹೆಸರಿಟ್ಟಿದ್ದರು.

ಇಂಥವುಗಳ ಜಾಡು ಹಿಡಿಯುವುದು ನನ್ನ ಉದ್ಯೋಗ. ರಾಡಾರಿಗೆ ಕಂಡ ಚುಕ್ಕಿಗಳನ್ನು ನಮ್ಮ ಪಟ್ಟಿಯಲ್ಲಿರುವ ನಂಬರುಗಳಿಗೆ ಹೊಂದಿಸಿ, ಯಾವುದು ನಾಳೆ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಹೇಳುತ್ತೇವೆ. "ಮನೆ ಕಸ ಗುಡಿಸೋಕೆ ಪುರುಸೊತ್ತಿಲ್ಲ, ಆಕಾಶದ ಕಸಕ್ಕೆ ದಿನಾ ಹಾಜರಿ ತಗೋತಾಳೆ ನನ್ನ ಸೊಸೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಬಂದವರು ನಗದಿದ್ದರೆ ಇನ್ನೊಮ್ಮೆ ಹೇಳುತ್ತಾರೆ.

ಆರು ವರ್ಷಗಳ ಹಿಂದೆ, ಎರಡು ವರ್ಷದ ಮಗಳಿಗೆ ತೋರಿಸೋಣವೆಂದು ಆ ಡಬ್ಬಿ ನಮ್ಮ ಊರಿನ ಮೇಲೆ ಹಾಯುವ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೆ. ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಮಾವ ಮಾತ್ರ ಜೇಬಿನಿಂದ ಸ್ಟಾಪ್‌ವಾಚು ತೆಗೆದರು. ಹತ್ತು ಮಿಂಚು ಎಣಿಸಿ, ಹತ್ತರಿಂದ ಭಾಗಿಸಿ, "ಮಿಂಚಿನಿಂದ ಮಿಂಚಿಗೆ ಒಂಬತ್ತು ಪಾಯಿಂಟ್ ಒಂದು ಸೆಕೆಂಡು" ಎಂದರು. ಅಂದಿನಿಂದ ಅದು ಸಂಜೆ ಹೊತ್ತು ಹಾಯುವ ವಾರಗಳಲ್ಲಿ ಮಾವ ತಾರಸಿ ತಪ್ಪಿಸಿದವರಲ್ಲ. ಒಂಬತ್ತು ಹತ್ತಾಯಿತು, ಹತ್ತು ಹನ್ನೊಂದಾಯಿತು. ಕಳೆದ ಸಲ ಹನ್ನೆರಡು ಪಾಯಿಂಟ್ ನಾಲ್ಕು. ಭೂಮಿಯ ಕಾಂತಶಕ್ತಿ ಆ ಲೋಹದ ಡಬ್ಬಿಯನ್ನು ಮೆಲ್ಲಗೆ ತಡೆಯುತ್ತಿರುತ್ತದೆ, ಅದಕ್ಕೇ ಪಲ್ಟಿ ನಿಧಾನವಾಗುತ್ತದೆ ಎಂದು ನಾನು ವಿವರಿಸಿದ್ದೆ. ಮಾವ ತಮ್ಮ ಭಾಷೆಯಲ್ಲಿ ಅರ್ಥ ಮಾಡಿಕೊಂಡಿದ್ದರು: ಕೀ ಕೊಡುವವರಿಲ್ಲದ ಗಡಿಯಾರ.

ಈಗ ಎರಡು ತಿಂಗಳ ಬಿಡುವಿನ ನಂತರ ಸೋಮಾರಿ ಮತ್ತೆ ಸಂಜೆಗೆ ಬಂದಿತ್ತು. ಮಾವ ಮಿಂಚಿನ ಲೆಕ್ಕ ಬರೆದಿಡುವ ಪುಸ್ತಕ ತೆರೆದು ನನ್ನ ಮುಂದಿಟ್ಟರು. ಶನಿವಾರ ನಾಲ್ಕು ಪಾಯಿಂಟ್ ಒಂಬತ್ತು. ಭಾನುವಾರ ನಾಲ್ಕು ಪಾಯಿಂಟ್ ಒಂಬತ್ತು. ಸೋಮವಾರ ನಾಲ್ಕು ಪಾಯಿಂಟ್ ಎಂಟು.

"ಯಾವುದಾದ್ರೂ ಚೂರು ಬಡಿದಿರಬಹುದಲ್ವಾ ಮಾವ?"

"ಬಡಿದಿದ್ರೆ ನಿಮ್ಮ ಆಫೀಸಿಗೆ ಗೊತ್ತಾಗ್ತಿರಲಿಲ್ವಾ? ಒಡೆದ ಚೂರು ಕಾಣ್ತಿರಲಿಲ್ವಾ?"

ಅದು ನಿಜವೇ.

"ಮೊದಲು ಸ್ಟಾಪ್‌ವಾಚಿನ ಮೇಲೇ ಅನುಮಾನಪಟ್ಟೆ," ಎಂದರು ಮಾವ. "ಅಂಗಡೀಲಿ ಮೂರು ಗಡಿಯಾರದ ಜೊತೆ ಒಂದೊಂದು ಗಂಟೆ ಓಡಿಸಿ ನೋಡಿದೆ. ಕೂದಲೆಳೆಯಷ್ಟೂ ತಪ್ಪಿಲ್ಲ. ನಿಮ್ಮ ಹಾಳೆಯಲ್ಲಿ ಆರು ಐವತ್ತೊಂದು ಅಂತ ಇತ್ತು, ಅದು ಸರಿಯಾಗಿ ಆರು ಐವತ್ತೊಂದಕ್ಕೇ ಬಂತು. ಹಾಗಾದ್ರೆ ಹಾಳೆ ಸರಿ, ವಾಚು ಸರಿ, ಆಕಾಶ ಸರಿ. ಇನ್ನು ಕೆಟ್ಟಿರೋದು ಯಾವುದು ಉಳೀತು ಹೇಳು?"

"ಕಣ್ಣು ಇರಬಹುದು," ಎಂದರು ಅತ್ತೆ. "ಕನ್ನಡಕ ಬದಲಾಯಿಸಿ ಅಂತ ಬಡ್ಕೊಂಡೆ."

"ಕಣ್ಣು ಮಬ್ಬಾದ್ರೆ ಮಿಂಚು ಕಮ್ಮಿ ಕಾಣಬೇಕು ಕಣೇ, ಜಾಸ್ತಿ ಅಲ್ಲ." ಮಾವ ಒಂದು ಬಟಾಣಿ ಕಾಳನ್ನು ಬೆರಳಲ್ಲಿ ಉರುಳಿಸುತ್ತಾ ಕೂತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು. ಮೊದಲು ಹೊತ್ತು ತಪ್ಪಿತು. ಬೆಳಗ್ಗೆ ತಿಂಡಿ ಮುಗಿಸಿ, ಸಂಜೆ ಆಯ್ತು ದೀಪ ಹಾಕು ಅನ್ನೋನು. ಆಮೇಲೆ ಹೆಸರು ತಪ್ಪಿತು. ಆಮೇಲೆ ಮನೆ ದಾರಿ. ಹೋದ ವಾರ ನಾನು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ್ದೆ, ನೆನಪಿದೆಯಾ? ಹೊತ್ತು ಅಳೆಯೋಕೆ ಆಗದವನ ಕೈಗೆ ಜನ ವಾಚು ಯಾಕೆ ಕೊಡಬೇಕು?"

ಅತ್ತೆ ತಮಾಷೆ ಮಾಡಲಿಲ್ಲ. ಎದ್ದು ಒಲೆ ಹಚ್ಚಿದರು. ಒಲೆಯ ಮೇಲೆ ಏನನ್ನೂ ಇಡಲು ಮರೆತರು.

ಆ ಸಂಜೆ ನಾನೇ ತಾರಸಿ ಹತ್ತಿ ಎಣಿಸಬಹುದಿತ್ತು. ಆದರೆ ನನಗೆ ಪಾಳಿ, ಮೇಲಾಗಿ ಮೋಡ. ಪುಸ್ತಕವನ್ನು ಕೇಳಿ ತೆಗೆದುಕೊಂಡೆ. "ಅದನ್ನ ತಗೊಂಡು ಏನು ಮಾಡ್ತೀಯ?" ಎಂದರು ಮಾವ. "ಸುಮ್ನೆ," ಎಂದೆ. ಮಕ್ಕಳು ಏನನ್ನಾದರೂ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹೀಗೇ ಹೇಳುತ್ತಾರೆ.

ನಮ್ಮ ಕಚೇರಿಯ ದೊಡ್ಡ ಕೋಣೆಯಲ್ಲಿ ಹನ್ನೊಂದು ಪರದೆಗಳಿವೆ. ಯಂತ್ರಗಳಿಗಾಗಿ ಸದಾ ತಣ್ಣಗಿಟ್ಟಿರುವುದರಿಂದ ಬೇಸಿಗೆಯಲ್ಲೂ ಎಲ್ಲರೂ ಸ್ವೆಟರಿನಲ್ಲಿರುತ್ತೇವೆ. ನಮ್ಮ ಮೇಲಿನವರು ಹಿಂದೆ ಗಣಿತ ಪಾಠ ಮಾಡುತ್ತಿದ್ದವರು. ಈಗಲೂ ಎಲ್ಲರಿಗೂ ಅವರು ಮೇಷ್ಟ್ರೇ. ಪುಸ್ತಕವನ್ನು ಅವರ ಮುಂದಿಟ್ಟು ವಿಷಯ ಹೇಳಿದೆ.

"ನಿಮ್ಮ ಮಾವನೋರ ವಯಸ್ಸೆಷ್ಟಮ್ಮ?"

"ಎಪ್ಪತ್ಮೂರು."

"ಹೂಂ," ಎಂದರು. ಆ ಹೂಂ ನನಗೆ ಹಿಡಿಸಲಿಲ್ಲ. ಆದರೆ ಮೇಷ್ಟ್ರು ಪುಟ ತಿರುವತೊಡಗಿದರು. ಒಂದು ಪುಟ, ಹತ್ತು ಪುಟ. ಕನ್ನಡಕ ಹಣೆಗೇರಿತು. "ಆರು ವರ್ಷದಿಂದ ಒಂದು ಗೀಟು ಎಳೆದ ಹಾಗಿದೆಯಲ್ಲಮ್ಮ ಇದು! ಒಂದೇ ಒಂದು ಕಡೆ ಅಂಕುಡೊಂಕಿಲ್ಲ. ಇಷ್ಟು ನೆಟ್ಟಗೆ ಬಂದ ಮನುಷ್ಯ ಒಂದು ಸಂಜೆಗೆ ಹನ್ನೆರಡರಿಂದ ಐದಕ್ಕೆ ಬೀಳ್ತಾರಾ? ಮರೆವು ಅಂದ್ರೆ ಇವತ್ತು ಏಳು, ನಾಳೆ ಹದಿನೈದು ಅಂತ ಬರಬೇಕು. ಇದು ಮೂರು ದಿನಾನೂ ಒಂದೇ ಥರ ತಪ್ಪಿದೆ."

ನನಗೆ ಹೊಳೆಯದಿದ್ದದ್ದು ಅದೇ. ಒಂದೇ ಥರ ತಪ್ಪಾಗುವುದಕ್ಕೆ ಏನಾದರೂ ಕಾರಣವಿರಲೇಬೇಕು.

ನನ್ನ ಪರದೆಗೆ ಹೋಗಿ ಸೋಮಾರಿಯ ಎರಡು ತಿಂಗಳ ದಾಖಲೆಯನ್ನು ತೆರೆದೆ. ಐದು ವಾರಗಳ ಹಿಂದೆ ಸೂರ್ಯನಿಂದ ದೊಡ್ಡ ಬಿರುಗಾಳಿಯೊಂದು ಬೀಸಿತ್ತು. ಹಾಗೆ ಬೀಸಿದಾಗ ಭೂಮಿಯ ಮೇಲ್ಗಾಳಿ ಕಾಯಿಸಿದ ಹಾಲಿನಂತೆ ಉಬ್ಬುತ್ತದೆ. ಅದರಲ್ಲಿ ತೂರಿ ಹೋಗುವ ಡಬ್ಬಿಗಳೆಲ್ಲ ಒಂದಿಷ್ಟು ಕೆಳಗಿಳಿಯುತ್ತವೆ. ಅವುಗಳ ಹೊತ್ತೂ ತಪ್ಪುತ್ತದೆ. ಆ ವಾರ ಕಚೇರಿಯಲ್ಲಿ ಎಚ್ಚರಿಕೆಯ ಗಂಟೆ ಎಡೆಬಿಡದೆ ಹೊಡೆದುಕೊಂಡು, ಕೊನೆಗೆ ಎಷ್ಟು ತಪ್ಪಿದರೆ ಗಂಟೆ ಹೊಡೆಯಬೇಕೆಂಬ ಯಂತ್ರದ ಮಿತಿಗಳನ್ನೇ ನಾವು ಸಡಿಲಿಸಿದ್ದೆವು. ಸೋಮಾರಿಯ ಅಕ್ಕಪಕ್ಕದವೆಲ್ಲ ಮೂವತ್ತು ನಲವತ್ತು ಮೀಟರ್ ಇಳಿದಿದ್ದವು. ಸೋಮಾರಿ ಮಾತ್ರ ನಾನೂರ ನಲವತ್ತು ಮೀಟರ್ ಇಳಿದಿತ್ತು.

ಹತ್ತು ಪಟ್ಟು. ಯಾಕೆ?

ಅದರ ಅಕ್ಕಪಕ್ಕ ಇನ್ಯಾರಿದ್ದರು ಎಂದು ಹುಡುಕಿದೆ. ಒಂದು ಸಿಕ್ಕಿತು. ಅದೇ ಕಾರ್ಖಾನೆಯ, ಅದೇ ಅಳತೆಯ ಇನ್ನೊಂದು ರಾಕೆಟ್ ತುಂಡು, ಸೋಮಾರಿಗಿಂತ ಎರಡು ವರ್ಷ ಚಿಕ್ಕದು. ಅದೇ ದಾರಿಯಲ್ಲಿ ನಾನೂರು ಮೀಟರ್ ಕೆಳಗೆ ಸುತ್ತುತ್ತಿತ್ತು. ಕೆಳಗಿನ ದಾರಿಯವರು ತುಸು ಬೇಗ ಸುತ್ತುತ್ತಾರೆ. ಹಾಗೆ ದಿನಕ್ಕೆ ಏಳು ಸೆಕೆಂಡಿನಂತೆ ಹಿಂದಿನಿಂದ ಹತ್ತಿರವಾಗುತ್ತಾ ಬಂದು, ಸರಿಯಾಗಿ ಆ ಬಿರುಗಾಳಿಯ ವಾರವೇ ಅದು ಸೋಮಾರಿಯನ್ನು ದಾಟಿತ್ತು. ಬಿರುಗಾಳಿಯ ನಂತರ ಅದರ ಎತ್ತರ ಎಷ್ಟಾಗಿದೆ ಎಂದು ನೋಡಿದೆ.

ಮುನ್ನೂರ ಅರವತ್ತು ಮೀಟರ್ ಮೇಲೇರಿತ್ತು.

"ಮೇಷ್ಟ್ರೇ," ಎಂದು ಕೂಗಿದೆ. ಅಲ್ಲಿದ್ದ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿಯೇ ಕೂಗಿದ್ದೆ. ಮೇಷ್ಟ್ರು ಬಂದು ಬಗ್ಗಿ ನೋಡಿದರು.

"ಇಂಜಿನ್ ಸತ್ತು ನಲವತ್ತು ವರ್ಷ ಆಗಿದೆ," ಎಂದರು. "ಏಣಿ ಹಾಕಿಕೊಂಡು ಹತ್ತಿತಾ?"

ಅದಲುಬದಲಾಗಿತ್ತು. ಒಂದೇ ಬಣ್ಣದ, ಒಂದೇ ಅಳತೆಯ ಎರಡು ಜೊತೆ ಕಾಲುಚೀಲ ಒಗೆಯುವ ಯಂತ್ರದಲ್ಲಿ ಸೇರಿದರೆ ಅಕ್ಕನದು ಯಾವುದು, ತಂಗಿಯದು ಯಾವುದು ಎಂದು ಹೇಳುವುದು ಹೇಗೆ? ರಾಡಾರಿಗೆ ಇಬ್ಬರೂ ಒಂದೇ ಗಾತ್ರದ ಎರಡು ಚುಕ್ಕಿಗಳು. ಹತ್ತಿರ ಬಂದಾಗ ಹೆಸರು ಅದಲುಬದಲಾಗಿ, ಆಮೇಲೆ ಇದರ ಹೆಸರಿನಲ್ಲಿ ಅದನ್ನೂ ಅದರ ಹೆಸರಿನಲ್ಲಿ ಇದನ್ನೂ ನಾವು ಐದು ವಾರದಿಂದ ಬಹು ಶ್ರದ್ಧೆಯಿಂದ ಹಿಂಬಾಲಿಸುತ್ತಿದ್ದೆವು. ಹಾಗಾಗಿ ಮನೆಗೆ ಕೊಟ್ಟ ಹಾಳೆಯ ಹೊತ್ತು ಸರಿಯಾಗಿಯೇ ಇತ್ತು. ಆ ಹೊತ್ತಿಗೆ ಬರುತ್ತಿದ್ದವನು ಮಾತ್ರ ಬೇರೆ.

"ಯಂತ್ರ ಇಂಥ ಕಡೆ ತಾನೇ ತೀರ್ಮಾನ ಮಾಡಲ್ಲವಲ್ಲ," ಎಂದರು ಮೇಷ್ಟ್ರು. "ಯಾರನ್ನಾದರೂ ಕೇಳಿರಬೇಕು. ಯಾರು ಒಪ್ಪಿಗೆ ಕೊಟ್ಟೋರು?"

ದಾಖಲೆಯ ಆ ಸಾಲು ತೆರೆದೆ. ದಿನಾಂಕ, ಸಂಜೆ ನಾಲ್ಕು ಐವತ್ತೆರಡು, ಒಪ್ಪಿಗೆ ಕೊಟ್ಟವರ ಗುರುತಿನ ಸಂಖ್ಯೆ. ಸಂಖ್ಯೆ ನನ್ನದು.

ಆ ಹೊತ್ತು ನನಗೆ ನೆನಪಿತ್ತು. ಶಾಲೆಯಿಂದ ಫೋನು ಬಂದಿತ್ತು. ಮಗಳಿಗೆ ಜ್ವರ, ಎರಡು ಸಲ ವಾಂತಿ. ಒಂದು ಕೈಯಲ್ಲಿ ಚೀಲ ಹಿಡಿದು ನಿಂತೇ ಇದ್ದೆ. ಪರದೆಯ ಮೇಲೆ ಪ್ರಶ್ನೆ ಬಂತು: ಈ ಎರಡು ಚುಕ್ಕಿಗಳಲ್ಲಿ ಯಾವುದು ಯಾರದು? ಯಂತ್ರವೇ ಒಂದು ಉತ್ತರವನ್ನು ಮುಂದಿಟ್ಟಿತ್ತು. ಅಂಥಲ್ಲಿ ಹಿಂದಿನ ಎತ್ತರಗಳನ್ನು ಕೈಯಾರೆ ತಾಳೆ ನೋಡುವುದು ನಮ್ಮ ಪದ್ಧತಿ. ನಾನು ನೋಡಲಿಲ್ಲ. ಹೌದು ಎಂದು ಒತ್ತಿ ಓಡಿದೆ.

"ನಾನೇ, ಮೇಷ್ಟ್ರೇ."

ಅವರು ಕನ್ನಡಕ ಕೆಳಗಿಳಿಸಿ, "ಮಗು ಈಗ ಹುಷಾರಾಗಿದೆಯಲ್ಲ?" ಎಂದು ಕೇಳಿದರು. ಆಗಿದೆ ಎಂದೆ. "ಸರಿ. ತಿದ್ದುಪಡಿಗೆ ಪುರಾವೆ ಬೇಕು. ಬಿರುಗಾಳಿ ವಾರದ ಎತ್ತರ ಯಾರೂ ನಂಬಲ್ಲ. ನಮ್ಮ ದೂರದರ್ಶಕದ ಸರದಿ ಸಿಗೋದು ಹನ್ನೆರಡು ದಿನ ಆದ್ಮೇಲೆ. ಈ ಎರಡು ಡಬ್ಬಿಗೆ ಇರೋ ವ್ಯತ್ಯಾಸ ಒಂದೇ, ಪಲ್ಟಿ. ಆ ಪಲ್ಟಿಯ ಲೆಕ್ಕ ಇಡೀ ಆಫೀಸಲ್ಲಿ ಇಲ್ಲ. ಇಲ್ಲಿ ಮಾತ್ರ ಇದೆ." ಮಾವನ ಪುಸ್ತಕವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. "ಇಬ್ಬರೂ ಈಗ ಎಷ್ಟು ದೂರದಲ್ಲಿದ್ದಾರೆ?"

ಲೆಕ್ಕ ಹಾಕಿದೆ. ದಿನಕ್ಕೆ ಏಳು ಸೆಕೆಂಡು, ಐದು ವಾರ. "ಮುಂದಿನವನು ಹೋದ ನಾಲ್ಕು ನಿಮಿಷಕ್ಕೆ ಹಿಂದಿನವನು, ಅಂದ್ರೆ ನಿಜವಾದ ಸೋಮಾರಿ, ಬರ್ತಾನೆ."

"ಅಂದ್ರೆ ನಿಮ್ಮ ಮಾವನೋರು ನಾಲ್ಕು ನಿಮಿಷ ಬೇಗ ತಾರಸಿಯಿಂದ ಕೆಳಗಿಳಿದುಬಿಟ್ರು," ಎಂದರು ಮೇಷ್ಟ್ರು. "ಈಗ ಒಂದು ಮಾತು. ಅವರಿಗೆ ಏನನ್ನೂ ಹೇಳಬೇಡಿ. ಇಷ್ಟು ಬರಬೇಕು ಅಂತ ಗೊತ್ತಿದ್ರೆ ಬೆರಳು ತಾನಾಗೇ ಅಷ್ಟಕ್ಕೇ ಒತ್ತುತ್ತೆ. ಗೊತ್ತಿಲ್ಲದೆ ಎಣಿಸಿದ್ದು ಮಾತ್ರ ಪುರಾವೆ."

ಬುಧವಾರವೂ ಮೋಡ. ಆ ದಿನ ಮಾವ ಮೂರು ಸಲ ದಿನಪತ್ರಿಕೆ ಓದಿದರು. ಅತ್ತೆ ಯಾರಿಗೋ ಫೋನು ಮಾಡಿ, ಮರೆವಿನ ಡಾಕ್ಟರು ಯಾರಿದ್ದಾರೆ ಎಂದು ಸಣ್ಣ ದನಿಯಲ್ಲಿ ವಿಚಾರಿಸುತ್ತಿದ್ದರು. ಹೇಳಿಬಿಡಬೇಕೆಂದು ಬಾಯಿಯ ತನಕ ಬಂದದ್ದನ್ನು ನಾನು ನುಂಗಿಕೊಂಡೆ. ನುಂಗಿದ್ದು ಸುಲಭಕ್ಕೆ ಇಳಿಯಲಿಲ್ಲ. ಹಿಂದಿನವನು ಬರದೇ ಹೋದರೆ? ಎತ್ತರದ ಲೆಕ್ಕಕ್ಕೆ ಬೇರೆ ಏನೋ ಕಾರಣವಿದ್ದು, ಮಾವನ ಭಯವೇ ನಿಜವಾಗಿದ್ದರೆ? ಆಸೆ ತೋರಿಸಿ ಕಿತ್ತುಕೊಂಡ ಹಾಗಾಗುತ್ತಿತ್ತು.

ಗುರುವಾರ ನನಗೆ ರಜೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ಮಾವ, ಇವತ್ತು ತಾರಸಿಗೆ ಬನ್ನಿ. ಆಫೀಸಿನವರು ಎರಡು ಡಬ್ಬಿ ಎಣಿಸಿಕೊಡಿ ಅಂತ ಕೇಳಿದ್ದಾರೆ."

"ನನ್ನನ್ನ ಸಮಾಧಾನ ಮಾಡೋಕೆ ಕಥೆ ಕಟ್ಟಬೇಡಮ್ಮ."

"ಕಥೆ ಕಟ್ಟೋಕೆ ನನಗೆಲ್ಲಿ ಪುರುಸೊತ್ತು? ಇನ್ನೂ ಪಾತ್ರೆ ತೊಳೆದಿಲ್ಲ."

"ತಾತ ಬರದಿದ್ರೆ ನಾನೇ ಎಣಿಸ್ತೀನಿ," ಎಂದಳು ಮಗಳು. ಅವಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. "ನಂಗೆ ನೂರರ ತನಕ ಬರುತ್ತೆ, ಉಲ್ಟಾನೂ ಬರುತ್ತೆ."

"ಉಲ್ಟಾ ಎಣಿಸಿದ್ರೆ ರಾಕೆಟ್ಟು ಹಾರುತ್ತೆ ಕಣೇ ಗುಬ್ಬಿ, ಸಿಗಲ್ಲ," ಎಂದು ಮಾವ ಎದ್ದರು. ಮೂರು ದಿನದಲ್ಲಿ ಅವರು ಆಡಿದ ಮೊದಲ ತಮಾಷೆ ಅದು.

ನಮ್ಮ ತಾರಸಿಯ ಎರಡೂ ಕಡೆ ಎತ್ತರದ ಕಟ್ಟಡಗಳಿವೆ. ನಡುವೆ ನಮಗೆ ಸಿಗುವುದು ಮೂರು ನಿಮಿಷದಷ್ಟು ಆಕಾಶ. ನಾನು ಮಾವನಿಗೆ ಬೆನ್ನು ಮಾಡಿ, ಬಟ್ಟೆ ಒಣಗಿಸುವ ತಂತಿಯ ಆಚೆ ನನ್ನದೇ ಸ್ಟಾಪ್‌ವಾಚು ಹಿಡಿದು ನಿಂತೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳಬಾರದು, ಚೀಟಿಯಲ್ಲಿ ಬರೆದು ಗುಬ್ಬಿಯ ಕೈಗೆ ಕೊಡಬೇಕು ಎಂದು ಒಪ್ಪಂದ. ಅತ್ತೆಯೂ ಮಂಡಿ ಹಿಡಿದುಕೊಂಡು ಮೇಲೆ ಬಂದರು. ನಾನು ಆ ತಾರಸಿಯಲ್ಲಿ ಅವರನ್ನು ಕಂಡದ್ದು ಅದೇ ಮೊದಲು.

ಹೊತ್ತಿಗೆ ಸರಿಯಾಗಿ ಮೊದಲನೆಯದು ಕಟ್ಟಡದ ಅಂಚಿನಿಂದ ಹೊರಬಂತು. ಮಿಂಚು, ಮಿಂಚು, ಮಿಂಚು. ಪಾಠ ಒಪ್ಪಿಸಿ ಓಡುವ ಮಕ್ಕಳ ಆತುರ ಅದಕ್ಕೆ. ನಾನು ಹತ್ತು ಎಣಿಸಿ ಒತ್ತಿದೆ. ನಾಲ್ಕು ಪಾಯಿಂಟ್ ಒಂಬತ್ತು. ಮಾವ ಚೀಟಿ ಬರೆದುಕೊಟ್ಟ ಸದ್ದು ಕೇಳಿಸಿತು.

"ಮತ್ತೆ ಅದೇ ಬಂತು," ಎಂದರು. ಹೆಜ್ಜೆ ಮೆಟ್ಟಿಲಿನ ಕಡೆ ತಿರುಗಿತು.

"ಲೆಕ್ಕ ಹೇಳಬಾರದು ಮಾವ! ಇನ್ನೊಂದು ಇದೆ. ನಿಲ್ಲಿ."

"ಎಷ್ಟು ಹೊತ್ತಿಗೆ?"

"ನಿಂತಿರಿ, ಅಷ್ಟೇ."

ನಾಲ್ಕು ನಿಮಿಷದಲ್ಲಿ ಒಂದು ಮೊಟ್ಟೆ ಅರೆಬೇಯುತ್ತದೆ, ಒಂದು ಜಡೆ ಹೆಣೆಯಬಹುದು. ಆ ನಾಲ್ಕು ನಿಮಿಷ ಮುಗಿಯಲೇ ಇಲ್ಲ. ಕೆಳಗಿನ ರಸ್ತೆಯಲ್ಲಿ ಯಾರೋ ಶಟರು ಎಳೆದರು. ಗುಬ್ಬಿ ಚೀಟಿಗಳನ್ನು ಒಳ್ಳೆಯ ಗುಮಾಸ್ತೆಯಂತೆ ಮಡಚಿ ಮುಷ್ಟಿಯಲ್ಲಿಟ್ಟುಕೊಂಡಿದ್ದಳು. ನಾನು ಕಟ್ಟಡದ ಅಂಚಿನಿಂದ ಕಣ್ಣು ತೆಗೆಯಲಿಲ್ಲ.

ಒಂದು ಮಿಂಚು.

ಆಮೇಲೆ ಏನೂ ಇಲ್ಲ. ಕಳೆದುಹೋಯಿತು ಎಂದುಕೊಳ್ಳುವಾಗ ಇನ್ನೊಂದು ಮಿಂಚು, ಒಂದು ಗೇಣು ಮುಂದೆ.

"ಅಯ್ಯೋ ಇವ್ನಾ!" ಎಂದರು ಮಾವ ಹಿಂದಿನಿಂದ. ಜಾತ್ರೆಯ ಗುಂಪಿನಲ್ಲಿ ಗುರುತಿನವರನ್ನು ಕಂಡವರ ದನಿ. ಸ್ಟಾಪ್‌ವಾಚು ಒತ್ತಿದ್ದು ಕೇಳಿಸಿತು. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ತಾರಸಿಯಲ್ಲಿ ಯಾರೂ ಅಲುಗಲಿಲ್ಲ.

ಗುಬ್ಬಿ ದೀಪದ ಕೆಳಗೆ ಚೀಟಿಗಳನ್ನು ಬಿಡಿಸಿ ಓದಿದಳು. "ಅಮ್ಮಂದು ಮೊದಲ್ನೇದು ನಾಲ್ಕು ಪಾಯಿಂಟ್ ಒಂಬತ್ತು. ತಾತಂದೂ ಅದೇ. ಎರಡ್ನೇದು ಅಮ್ಮಂದು ಹನ್ನೆರಡು ಪಾಯಿಂಟ್ ಏಳು. ತಾತಂದು ಹನ್ನೆರಡು ಪಾಯಿಂಟ್ ಐದು. ಅಮ್ಮಂದು ತಪ್ಪು!"

ತಪ್ಪು ನನ್ನದೇ. ಎಲ್ಲವನ್ನೂ ಹೇಳಿದೆ: ಬಿರುಗಾಳಿ, ಎರಡು ಚುಕ್ಕಿ, ಸಂಜೆ ನಾಲ್ಕು ಐವತ್ತೆರಡು, ನನ್ನ ಬೆರಳು. ಮಾವ ಗೋಡೆಗೆ ಒರಗಿ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಸಡಿಲವಾಗುತ್ತದೆ ಎಂದುಕೊಂಡಿದ್ದೆ, ಬಿಗಿಯಾಯಿತು.

"ಮಂಗಳವಾರಾನೇ ಗೊತ್ತಿತ್ತಾ ನಿನಗೆ?"

"ಅನುಮಾನ ಇತ್ತು ಮಾವ. ಹೇಳಿದ್ರೆ ಪುರಾವೆ ಕೆಡ್ತಿತ್ತು."

"ಎರಡು ದಿನ. ಅಷ್ಟು ಹೊತ್ತೂ ನಾನು ರಾತ್ರಿಯೆಲ್ಲ ನಮ್ಮಣ್ಣನ ಮುಖ ನೋಡ್ತಾ ಮಲಗಿದ್ದೆ ಕಣಮ್ಮ."

ಕ್ಷಮಿಸಿ ಎಂದೆ. ಅತ್ತೆ ನಡುವೆ ಬಂದರು. "ನೀವೇನು ಕಮ್ಮೀನಾ? ಅವಳ ಹಾಳೆ ಸರಿ, ವಾಚು ಸರಿ, ಆಕಾಶ ಸರಿ ಅಂದ್ರಿ. ಸೊಸೆ ತಪ್ಪು ಮಾಡಬಹುದು ಅಂತ ಒಂದು ಸಲಾನೂ ಹೊಳೀಲಿಲ್ವಲ್ಲ! ನನ್ನನ್ನ ಕೇಳಿದ್ದಿದ್ರೆ ಮೊದಲನೇ ದಿನಾನೇ ಹೇಳ್ತಿದ್ದೆ."

ಮಾವನಿಗೆ ನಗು ತಡೆಯಲಾಗಲಿಲ್ಲ. ನನಗೂ.

"ಆದ್ರೂ ಆ ಡಾಕ್ಟರ ಹತ್ರ ಒಂದು ಸಲ ಹೋಗಿಬರೋಣ," ಎಂದರು ಅತ್ತೆ. "ಎರಡು ಸಲ ಸಕ್ಕರೆ ಹಾಕಿದ್ದು ರಾಕೆಟ್ಟಲ್ಲ."

"ಹೋಗೋಣ. ಬೆಳಗ್ಗೆ ಬೇಡ, ಟೀಚರಿಗೆ ಫೋನು ಮಾಡಿ ವಾಚು ವಾಪಸು ತರಿಸ್ಕೋಬೇಕು. ಸಂಜೆನೂ ಬೇಡ." ಮಾವ ಪುಸ್ತಕವನ್ನು ಗೋಡೆಯ ಮೇಲಿಟ್ಟು, ಖಾಲಿ ಪುಟ ತೆರೆದು ಹೊಸಬನಿಗಾಗಿ ಗೀಟು ಎಳೆಯತೊಡಗಿದರು. ಹಾಗೆ ಎಳೆಯುತ್ತಲೇ ತಲೆಯೆತ್ತಿದರು. "ಇವರಿಬ್ಬರೂ ಮತ್ತೆ ಯಾವಾಗ ಒಂದೇ ಕಡೆ ಸೇರ್ತಾರೆ?"

ಲೆಕ್ಕ ಹಾಕಿದೆ. "ಎರಡು ವರ್ಷ, ಮೂರು ತಿಂಗಳು ಚಿಲ್ಲರೆ."

ಮಾವ ಅದನ್ನು ತಿಂಗಳು ಸಮೇತ ಬರೆದುಕೊಂಡರು. ಕೆಳಗೆ ತಮ್ಮ ವಯಸ್ಸನ್ನು ಬರೆದರು, ಎಪ್ಪತ್ತೈದು. ಒಂದು ಕ್ಷಣ ಅದನ್ನು ನೋಡಿ, "ಆ ವಾರ ನನ್ನನ್ನ ಕೇಳದೆ ಯಾವ ಗುಂಡಿನೂ ಒತ್ತಬೇಡ ಅಂತ ನಿಮ್ಮ ಮೇಷ್ಟ್ರಿಗೂ ಹೇಳಿಡು," ಎಂದರು.